ಮುನ್ನೂರ ಹನ್ನೊಂದು ಜನರ ಜಗಲಿ

ಎಲ್ಲಕ್ಕೂ ಕಾರಣ ಆ ಶನಿವಾರ ಬೆಳಿಗ್ಗೆ ಕ್ಯಾಂಟೀನಿನ ಗೋಡೆಗೆ ನೇತುಹಾಕಿದ ಟಿ.ವಿ. ಅದು ಬರುವ ತನಕ ಶಾಕಿರನ ಬದುಕಿನಲ್ಲಿ ಕಷ್ಟಗಳಿದ್ದವೇ ಹೊರತು ಫಜೀತಿಗಳಿರಲಿಲ್ಲ.

ಮದ್ದೂರು ದಾಟಿ ಹೆದ್ದಾರಿಯ ಪಕ್ಕಕ್ಕಿರುವ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವನು ಟೈಮ್ ಆಫೀಸಿನ ಗುಮಾಸ್ತ. ಮನೆ ಮಳವಳ್ಳಿಯಲ್ಲಿ. ಎಲ್ಲರಿಗಿಂತ ಮುಂಚೆ ಬಂದು ಹಾಜರಿ ಮೆಷಿನ್ನು ಚಾಲೂ ಮಾಡಬೇಕು, ಓವರ್‌ಟೈಮಿನ ಕೊನೆಯ ಹೆಂಗಸು ಬೆರಳೊತ್ತಿ ಹೊರಟ ಮೇಲೆ ಬಾಗಿಲು ಹಾಕಬೇಕು. ಅವನು ಮನೆ ಬಿಡುವಾಗ ಐದು ವರ್ಷದ ಮಗಳು ಅಸ್ಫಿಯಾ ಮಲಗಿರುತ್ತಾಳೆ, ಮನೆ ಸೇರುವಾಗಲೂ ಮಲಗಿರುತ್ತಾಳೆ. ಶಾಲೆಯಲ್ಲಿ ಮಿಸ್ಸು, "ನಿಮ್ಮ ಅಪ್ಪ ಏನ್ಮಾಡ್ತಾರೆ?" ಅಂತ ಕೇಳಿದ್ದಕ್ಕೆ, "ನಮ್ಮ ಅಬ್ಬ ಭಾನುವಾರ ಇರ್ತಾರೆ" ಅಂದಿದ್ದಳಂತೆ. ಹೆಂಡತಿ ಮಾಹೀನ್ ಇದನ್ನು ನಗುತ್ತಾ ಹೇಳಿದಳು. ಶಾಕಿರನೂ ನಕ್ಕ. ಆಮೇಲೆ ತಟ್ಟೆಯಲ್ಲಿದ್ದ ರೊಟ್ಟಿ ಯಾಕೋ ಮುಗಿಯಲಿಲ್ಲ.

ಅದೇ ಕಂಪನಿ ಮಳವಳ್ಳಿಯಲ್ಲೊಂದು ಹೊಸ ಯೂನಿಟ್ಟು ತೆರೆಯುತ್ತಿತ್ತು. ಶಾಕಿರನ ಮನೆಯಿಂದ ನಡೆದರೆ ಹತ್ತು ನಿಮಿಷ. ಮದ್ದೂರಿನಿಂದ ಒಬ್ಬೇ ಒಬ್ಬರನ್ನು ಅಲ್ಲಿಗೆ ವರ್ಗ ಮಾಡುತ್ತಾರೆ ಅಂತ ಸುದ್ದಿ. ಶಾಕಿರ್ ಅರ್ಜಿ ಹಿಡಿದು ಎಚ್ಚಾರ್ ಆಫೀಸರ್ ನಾಗಶ್ರೀ ಮೇಡಂ ಮುಂದೆ ನಿಂತ.

"ಜಗಲಿ ಓಡಿಸಿಕೊಡಿ ಶಾಕಿರ್. ನೂರಕ್ಕೆ ತೊಂಬತ್ತು ಜನ ಅದರಲ್ಲಿ ಬರೆಯೋ ಹಾಗೆ ಮಾಡಿ. ಮಳವಳ್ಳಿ ನಿಮ್ದೇ ಅಂತ ಇಟ್ಕೊಳ್ಳಿ" ಅಂದರು ನಾಗಶ್ರೀ.

ಜಗಲಿ ಅಂದರೆ ಕಂಪನಿಯ ಒಳಗಿನವರಿಗಾಗಿ ಬೆಂಗಳೂರಿನ ಹೆಡ್ ಆಫೀಸು ಮಾಡಿಸಿದ ವೆಬ್‌ಸೈಟು. ಹೆಸರು ಮಾತ್ರ ಊರಿನದು. ಕೆಲಸಗಾರರೆಲ್ಲ ಅದರಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಬೇಕು, ಮೆಚ್ಚಿಕೊಳ್ಳಬೇಕು, ಹುಟ್ಟುಹಬ್ಬಕ್ಕೆ ಹಾರೈಸಬೇಕು. ಹಾಗಾದರೆ ಒಡನಾಟ ಬೆಳೆಯುತ್ತದೆ, ಯಾರೂ ಕೆಲಸ ಬಿಟ್ಟು ಹೋಗುವುದಿಲ್ಲ ಅಂತ ಲೆಕ್ಕಾಚಾರ. ಆದರೆ ಗಂಟೆಗೆ ಇಷ್ಟು ಕಾಲರ್ ಅಂತ ಹೊಲಿಯುವ ಹೆಂಗಸರಿಗೆ ನೀರು ಕುಡಿಯಲೇ ಪುರುಸೊತ್ತಿರಲಿಲ್ಲ. ಮಾತಾಡುವುದಕ್ಕಾದರೆ ಅವರಿಗೆ ಕಂಪನಿ ಬಸ್ಸಿತ್ತು.

ಹಾಗಾಗಿ ಶಾಕಿರ್ ತಾನೇ ಎಲ್ಲರ ಪರವಾಗಿ ಜಗಲಿ ಹತ್ತಿದ. ಹಳೇ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಮುನ್ನೂರ ಹನ್ನೊಂದು ಜನರ ಹೆಸರು, ಮುಂದೆ ಅವರವರ ಪಾಸ್‌ವರ್ಡು ಬರೆದಿಟ್ಟುಕೊಂಡ. ಊಟದ ಬಿಡುವಿನಲ್ಲಿ, ಓವರ್‌ಟೈಮಿನ ಹೊತ್ತಿನಲ್ಲಿ, ಒಬ್ಬೊಬ್ಬರಾಗಿ ಒಳಗೆ ಹೋಗಿ ಬರೆದು ಹೊರಗೆ ಬರುತ್ತಿದ್ದ. ರಾಮನಾಗಿ ಬಾಣ ಬಿಟ್ಟು, ಪರದೆ ಹಿಂದಿನಿಂದ ಓಡಿಹೋಗಿ ಆ ಬಾಣ ತಗುಲಿಸಿಕೊಂಡು ರಾವಣನಾಗಿ ಬೀಳುವ ಒಬ್ಬಂಟಿ ನಾಟಕದವನ ಹಾಗೆ.

ನಾಗಶ್ರೀಗೆ ಇದು ಗೊತ್ತಿತ್ತು. "ಹೇಗೆ ಅಂತ ನಾನು ಕೇಳಲ್ಲ, ನೀವೂ ಹೇಳ್ಬೇಡಿ" ಅಂದುಬಿಟ್ಟಿದ್ದರು.

ಮೂರು ತಿಂಗಳು ಮುನ್ನೂರು ಜನರ ಮಾತನ್ನು ಒಬ್ಬನೇ ಆಡುವುದು ಸುಲಭವಲ್ಲ. ಶುಭೋದಯ ಮುಗಿಯಿತು, ಹಬ್ಬದ ಶುಭಾಶಯ ಮುಗಿಯಿತು. ಆಮೇಲೆ ತಲೆಯಲ್ಲಿದ್ದದ್ದನ್ನೇ ಬರೆಯತೊಡಗಿದ. ತಲೆಯಲ್ಲಿದ್ದದ್ದು ಮಳವಳ್ಳಿ. ಅದನ್ನೆಲ್ಲ ಬರೆಯಲು ಅವನು ಆರಿಸಿಕೊಂಡ ಹೆಸರು ಸ್ಟೋರ್ ಕೀಪರ್ ತಿಮ್ಮಯ್ಯನದು. ತಿಮ್ಮಯ್ಯ ಕ್ಯಾಲ್ಕುಲೇಟರ್ ಕೂಡ ಮುಟ್ಟದ ಮನುಷ್ಯ. ಸೂಜಿ ಮುರಿದರೆ ಮುರಿದ ಚೂರುಗಳನ್ನೆಲ್ಲ ಹುಡುಕಿ ತಂದು ಪುಸ್ತಕಕ್ಕೆ ಅಂಟಿಸುವ ತನಕ ಹೊಸ ಸೂಜಿ ಕೊಡದವನು. ಕಂಪ್ಯೂಟರಿನಲ್ಲಿ ತಾನು ಏನೇನು ಮಾತಾಡಿದ್ದೇನೆ ಅಂತ ಅವನಿಗೆ ಈ ಜನ್ಮದಲ್ಲಿ ತಿಳಿಯುವ ಹಾಗಿರಲಿಲ್ಲ.

ಶುಕ್ರವಾರ ಸಂಜೆ ಬರೆದವರ ಲೆಕ್ಕ ನೂರಕ್ಕೆ ಎಂಬತ್ತಾರಕ್ಕೆ ನಿಂತುಬಿಟ್ಟಿತು. ಮಾರನೇ ದಿನ ಜಗಲಿ ನೋಡಿ ವರ್ಗದ ಹೆಸರು ಹೇಳಲು ಹೆಡ್ ಆಫೀಸಿನಿಂದ ಮಂಜುಶ್ರೀ ಮೇಡಂ ಬರುವವರಿದ್ದರು. ಶಾಕಿರ್ ಯೋಚಿಸಿದ. ಈ ಸೀಮೆಯ ಜನ ಯಾವ ಮಾತಿಗೆ ತಪ್ಪದೆ ಉತ್ತರ ಕೊಡುತ್ತಾರೆ? ತಿಮ್ಮಯ್ಯನ ಹೆಸರಿನಲ್ಲಿ ಹೀಗೆ ಬರೆದ: "ಈ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ನಾಟಿ ಕೋಳಿ ಸಾರು, ಮುದ್ದೆ." ಆಮೇಲೆ ಮೂಲೆಯಲ್ಲಿ ಮಲಗಿದ್ದ ನಲವತ್ತು ಹೆಸರುಗಳನ್ನು ಎಬ್ಬಿಸಿ ಎಲ್ಲರಿಂದಲೂ "ಬರ್ತೀವಿ ಅಣ್ಣ" ಅನ್ನಿಸಿದ. ಕೊನೆಗೆ ಪುಸ್ತಕದ ಪಟ್ಟಿಯಲ್ಲಿ ಒಬ್ಬರೂ ಉಳಿಯದ ಹಾಗೆ ಎಲ್ಲರ ಮುಂದೆಯೂ ಟಿಕ್ಕು ಹಾಕಿ ಬಸ್ಸು ಹತ್ತಿ, ಮಳವಳ್ಳಿ ಬರುವ ತನಕ ಸುಖವಾಗಿ ನಿದ್ದೆ ಮಾಡಿದ.

ಮಂಜುಶ್ರೀ ಮೇಡಂ ಬರಿಗೈಯಲ್ಲಿ ಬರಲಿಲ್ಲ. ಬಾಗಿಲಷ್ಟು ದೊಡ್ಡ ಟಿ.ವಿ. ತಂದರು. "ಜಗಲಿ ಇನ್ಮೇಲೆ ಕಂಪ್ಯೂಟರಲ್ಲಿ ಮುಚ್ಚಿಟ್ಕೊಂಡಿರೋದು ಬೇಡ. ಎಲ್ರೂ ಬರೆದಿದ್ದನ್ನ ಎಲ್ರೂ ನೋಡ್ಲಿ" ಅಂದರು. ಅರ್ಧ ಗಂಟೆಯೊಳಗೆ ಮೂರು ತಿಂಗಳ ಮಾತುಗಳು ಅವರವರ ಗುರುತಿನ ಚೀಟಿಯ ಫೋಟೋ ಸಮೇತ ಗೋಡೆಯ ಮೇಲೆ ಒಂದೊಂದಾಗಿ ಸರಿಯತೊಡಗಿದವು. ಮುನ್ನೂರು ಜನರಿಗೂ ತಾವು ಏನು ಹೇಳಿದ್ದೇವೆ ಅಂತ ಗೊತ್ತಾದದ್ದು ಆವತ್ತೇ.

ಮೊದಲು ಬಿದ್ದದ್ದು ಅಂಕಮ್ಮನ ಮುಖ. ಕೆಳಗೆ: "ಪುಟ್ಟಮಾದಕ್ಕ, ನಿಮ್ಮ ಹೊಲಿಗೆ ನೋಡಿ ಕಲಿಯುವುದು ಬಹಳ ಇದೆ. ನೀವು ನನಗೆ ಒಡಹುಟ್ಟಿದ ಅಕ್ಕನ ಹಾಗೆ."

ಅಂಕಮ್ಮ, ಪುಟ್ಟಮಾದಮ್ಮ ಇಬ್ಬರೂ ಕೊತ್ತತ್ತಿಯವರು, ಅಕ್ಕಪಕ್ಕದ ಮನೆಯವರು. ನಾಲ್ಕು ವರ್ಷದ ಹಿಂದೆ ಅಂಕಮ್ಮನ ಕೋಳಿ ಪುಟ್ಟಮಾದಮ್ಮನ ಹುಲ್ಲಿನ ಬಣವೆಯಲ್ಲಿ ಹನ್ನೊಂದು ಮೊಟ್ಟೆ ಇಟ್ಟಿತ್ತು. ಮೊಟ್ಟೆ ಕೋಳಿಯವರದೋ ಬಣವೆಯವರದೋ ಅನ್ನುವ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟಿದ್ದರು. ಒಂದೇ ಬಸ್ಸಿನಲ್ಲಿ ಒಬ್ಬಳು ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬಳು ಹಿಂದಿನ ಬಾಗಿಲಲ್ಲಿ. ಮಾತು ಬಿಟ್ಟವರಲ್ಲಿ ಮೊದಲು ಬಾಯಿ ತೆರೆದವರು ಸೋತ ಹಾಗೆ. ಇದು ಊರೂರಿಗೂ ಗೊತ್ತಿತ್ತು, ಮಳವಳ್ಳಿಯ ಶಾಕಿರನೊಬ್ಬನನ್ನು ಬಿಟ್ಟು.

"ಸೋತ್ಲು ಕಣ್ರೇ!" ಪುಟ್ಟಮಾದಮ್ಮ ಟೀ ಲೋಟ ಮೇಲೆತ್ತಿ ಕೂಗಿದಳು. "ನಾಕ್ ವರ್ಸ ಬಿಗ್ಕೊಂಡಿದ್ದೋಳು ತಾನಾಗೇ ಬಂದ್ಲು ನೋಡಿ ಮಾತಿಗೆ!"

"ಯಾರೂ ಮಾತಾಡಿಲ್ಲ ಅಂತ ಯೋಳಿ ಅವ್ಳಿಗೆ!" ಅಂಕಮ್ಮ ನಡುವೆ ಇದ್ದ ಕಂಬಕ್ಕೆ ಹೇಳಿ, ನೆಟ್ಟಗೆ ಟೈಮ್ ಆಫೀಸಿಗೆ ಬಂದಳು. "ಸಾಕೀರಪ್ಪ, ನನ್ ಮಕ ಹಾಕಿ ಯಾರೋ ಏನೋ ಬರ್ದವ್ರೆ. ಅಳಿಸ್ಬುಡು."

"ಅಳಿಸೋಕಾಗಲ್ಲ ಅಂಕಮ್ಮ, ಮೇಡಂ ನೋಡ್ತಾ ಕೂತವ್ರೆ."

"ಅಂಗಾರೆ ಅವ್ಳೇ ಮೊದ್ಲು ಮಾತಾಡವ್ಳೆ ಅಂತ ತೋರ್ಸು. ಇಲ್ದಿದ್ರೆ ನಾನು ಇವತ್ತು ಆ ಬಸ್ ಅತ್ತಾಕಿಲ್ಲ."

ಅಂಥದ್ದಕ್ಕೇನೂ ಕೊರತೆ ಇರಲಿಲ್ಲ. ಶಾಕಿರ್ ಇಬ್ಬರ ಬಾಯಲ್ಲೂ ಧಾರಾಳವಾಗಿ ಪ್ರೀತಿ ಸುರಿಸಿದ್ದ. ಅದಕ್ಕೂ ಒಂದು ದಿನ ಹಿಂದೆ ಪುಟ್ಟಮಾದಮ್ಮನ ಹೆಸರಿನಲ್ಲಿ ಬರೆದಿದ್ದ "ಅಂಕಮ್ಮ ತಂಗಿ, ಚೆನ್ನಾಗಿದ್ದೀಯಾ?" ಹುಡುಕಿ ಟಿ.ವಿ.ಗೆ ಏರಿಸಿದ. ಐದು ನಿಮಿಷಕ್ಕೆ ಪುಟ್ಟಮಾದಮ್ಮ ಬಂದಳು. ಅವಳಿಗೆ ಅದಕ್ಕೂ ಒಂದು ವಾರ ಹಿಂದಿನ ಅಂಕಮ್ಮನ ಮಾತು ಕೊಟ್ಟ. ಮತ್ತೆ ಅಂಕಮ್ಮ. ಹೀಗೆ ಮೂರು ಸುತ್ತು ಹಿಂದಕ್ಕೆ ಹೋಗಿ ಜಗಲಿ ಹುಟ್ಟಿದ ದಿನಕ್ಕೆ ಬಂದು ನಿಂತಾಗ, ಕೊಡಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. ಇಬ್ಬರೂ ಟಿ.ವಿ. ಕೆಳಗೆ ಎದುರುಬದುರಾದರು.

"ಮೊದ್ಲು ಮಾತಾಡ್ದೋಳು ನೀನು!"

"ನಾನ್ಯಾಕ್ಲೇ ಮಾತಾಡ್ಲಿ, ಮೊಟ್ಟೆ ಕಳ್ಳಿ! ನೀನೇ ತಂಗಿ ಅಂದಿದ್ದು!"

"ನಿನ್ನ ತಂಗಿ ಅನ್ನಕ್ಕೆ ನಂಗೇನ್ ಗಾಚಾರ ಕೆಟ್ಟಿತ್ತಾ?"

ನಾಲ್ಕು ವರ್ಷದ ಮೇಲೆ ಇಬ್ಬರೂ ಮುಖ ನೋಡಿಕೊಂಡು ಮಾತಾಡಿದ್ದು ಇದೇ ಮೊದಲು. ಬಾಕಿ ಬಹಳ ಇತ್ತು. ಗದ್ದಲ ಕೇಳಿ ಮಂಜುಶ್ರೀ ಮೇಡಂ ಆಫೀಸಿನಿಂದ ಇಣುಕಿದರು. "ಅವರಿಬ್ರೂ ಜಗಳ ಆಡ್ತಿದ್ದಾರಾ?"

"ಛೇ, ಇಲ್ಲ ಮೇಡಂ," ಅಂದರು ಮಂಡ್ಯದಲ್ಲೇ ಹುಟ್ಟಿ ಬೆಳೆದ ನಾಗಶ್ರೀ. "ನಮ್ಮ ಕಡೆ ಪ್ರೀತಿಗೂ ಜಗಳಕ್ಕೂ ಒಂದೇ ಗಂಟಲು."

ಮಂಜುಶ್ರೀ ಮೇಡಂ ಅದನ್ನು ಬರೆದುಕೊಂಡರು.

ಅಷ್ಟರಲ್ಲಿ ಸ್ಟೋರಿನ ಕಿಟಕಿ ಮುಂದೆ ಸಾಲು ಬೆಳೆದಿತ್ತು. ಸೂಜಿಗೆ ಬಂದವರು ಅಂದುಕೊಂಡು ತಿಮ್ಮಯ್ಯ ತಲೆ ಎತ್ತದೆ, "ಮುರ್ದಿರೋ ಚೂರು ತಂದಿದೀರಾ?" ಅಂದ.

"ಸೂಜಿ ಅಲ್ಲ ತಿಮ್ಮಣ್ಣ. ನಾಳಿಕ್ಕೆ ಎಷ್ಟೊತ್ಗೆ ಬರಾವ?"

"ಎಲ್ಲಿಗೆ?"

"ನಿಮ್ಮನ್ಗೆ. ನಾಟಿ ಕೋಳಿಗೆ!"

ತಿಮ್ಮಯ್ಯ ಕನ್ನಡಕ ತೆಗೆದು ಕ್ಯಾಂಟೀನಿಗೆ ಬಂದು ಟಿ.ವಿ. ನೋಡಿದ. ತನ್ನದೇ ಮುಖ, ತನ್ನದೇ ಹೆಸರು, ಕೆಳಗೆ ಕೋಳಿ ಸಾರು. ಟಿ.ವಿ. ಪಕ್ಕದಲ್ಲಿ ಸೌಟು ಹಿಡಿದು ಅವನ ಹೆಂಡತಿ ಮರಿತಾಯಮ್ಮ. ಅವಳು ಅದೇ ಕ್ಯಾಂಟೀನಿನಲ್ಲಿ ಅಡುಗೆಯವಳು. ಐದು ದಿನ ಮುನ್ನೂರು ಜನಕ್ಕೆ ಬೇಯಿಸಿ ಶನಿವಾರ ಬರುವಷ್ಟರಲ್ಲಿ ಒಲೆ ಮೇಲಿನ ಹಂಡೆಗಿಂತ ಬಿಸಿಯಾಗಿರುತ್ತಿದ್ದಳು.

"ಏನ್ ಸಾಮಿ ಇದು?" ಅಂದಳು. "ವಾರ್ವೆಲ್ಲ ಇಲ್ಲಿ ಮುನ್ನೂರ್ ಜನಕ್ಕೆ ಮುದ್ದೆ ತಿರುವಿದ್ದು ಸಾಲ್ದು ಅಂತ ಭಾನುವಾರ ಮನ್ಗೂ ಕರ್ದಿದೀರಲ್ಲಾ?"

ಕರೆದಿಲ್ಲ ಅನ್ನಲು ತಿಮ್ಮಯ್ಯ ಬಾಯಿ ತೆರೆದ. ಎದುರಿಗೆ ಮುನ್ನೂರು ಮುಖ. ಊಟಕ್ಕೆ ಕರೆದು, ಕರೆದೇ ಇಲ್ಲ ಅಂದವನು ಈ ತಾಲ್ಲೂಕಿನಲ್ಲಿ ಮತ್ತೆ ಯಾರ ಮನೆಯ ಎಲೆ ಮುಂದೆಯೂ ತಲೆ ಎತ್ತಿ ಕೂರುವ ಹಾಗಿಲ್ಲ. ತೆರೆದ ಬಾಯಿಂದ ಬೇರೆ ಮಾತೇ ಬಂತು.

"ಬನ್ರಪ್ಪ. ಒಂದ್ ಗಂಟೆಗೆ ಬನ್ನಿ." ಚೂರು ಇಸಿದುಕೊಳ್ಳದೆ ಹೊಸ ಸೂಜಿ ಕೊಟ್ಟವನ ಹಾಗಿತ್ತು ಅವನ ಮುಖ.

"ನಾನೂ ಬರ್ತೀನಿ!" ಅಂದರು ಹಿಂದಿನಿಂದ ಮಂಜುಶ್ರೀ ಮೇಡಂ.

ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಟಿ.ವಿ.ಗೆ ಯಾರ ಮರ್ಯಾದೆಯ ಚಿಂತೆಯೂ ಇರಲಿಲ್ಲ. ಅದು ತಿಮ್ಮಯ್ಯನ ಮುಂದಿನ ಮಾತನ್ನು ತೋರಿಸಿತು: "ಬೆಳಕಿರುವಾಗಲೇ ಮಳವಳ್ಳಿಯ ಮನೆ ಸೇರಬೇಕು. ಮೊಮ್ಮಗಳು ಎದ್ದಿರುವಾಗ ಅವಳ ಮುಖ ನೋಡಬೇಕು. ಇಷ್ಟೇ ನನ್ನ ಆಸೆ. ತಿಮ್ಮಯ್ಯ, ಸ್ಟೋರ್."

ಬರೆಯುವಾಗ ಶಾಕಿರ್, ಮಗಳು ಅಂತಲೇ ಬರೆದಿದ್ದ. ತಿಮ್ಮಯ್ಯನ ವಯಸ್ಸು ನೋಡಿ ಮೊಮ್ಮಗಳು ಅಂತ ತಿದ್ದಿದ್ದ.

ಮರಿತಾಯಮ್ಮ ಟಿ.ವಿ. ಕಡೆಗೆ ಸೌಟು ತೋರಿಸಿದಳು.

"ಯಾವ್ ಮೊಮ್ಮಗ್ಳು?" ಅಂದಳು ಮರಿತಾಯಮ್ಮ.

"ನಂಗೇನ್ ಗೊತ್ತು?"

"ನಮ್ ಪುನೀತಂಗೆ ಹೆಣ್ಣು ಹುಡ್ಕಿ ಹುಡ್ಕಿ ನಾಕ್ ಜೊತೆ ಚಪ್ಲಿ ಸವ್ದವೆ. ಆ ಬಡ್ಡೈದಂಗೆ ಇನ್ನೂ ಮದ್ವೇನೇ ಇಲ್ಲ. ಮೊಮ್ಮಗ್ಳು ಎಲ್ಲಿಂದ ಬಂದ್ಲು? ಅದೂ ಮಳವಳ್ಳೀಲಿ?"

"ತಿಂಗ್ಳಿಗೊಂದ್ ಸಲ ಗುಂಡಿ ತರ್ತೀನಿ, ದಾರ ತರ್ತೀನಿ ಅಂತ ಅಣ್ಣ ಆ ಕಡೀಕೇ ಓಯ್ತಾನಲ್ವಾ," ಅಂತ ಹಿಂದಿನ ಬೆಂಚಿನಿಂದ ಯಾರೋ ನೆನಪಿಸಿದರು. ಹತ್ತೂವರೆಯ ಟೀ ಮುಗಿಯುವಷ್ಟರಲ್ಲಿ ತಿಮ್ಮಯ್ಯನಿಗೆ ಮಳವಳ್ಳಿಯಲ್ಲಿ ಇನ್ನೊಂದು ಸಂಸಾರವಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಸಂಸಾರಕ್ಕೆ ಹೆಂಚಿನ ಮನೆ, ಎರಡು ಹಸು ಆಗಿದ್ದವು. ಊಟದಲ್ಲಿ ತಿಮ್ಮಯ್ಯನ ತಟ್ಟೆಗೆ ಮುದ್ದೆ ಬಿತ್ತು, ಸಾರು ಬೀಳಲಿಲ್ಲ.

ಅವನು ಬರಿ ಮುದ್ದೆ ನುಂಗಿ ಬಂದು ಟೈಮ್ ಆಫೀಸಿನ ಬಾಗಿಲು ಹಾಕಿಕೊಂಡ.

"ಲೇ ಸಾಕೀರ. ಇಡೀ ಫ್ಯಾಕ್ಟ್ರೀಲಿ ಕಂಪ್ಯೂಟ್ರು ಮುಟ್ಟೋ ಕೈ ನಿಂದೊಂದೇ ಕಣ್ಲಾ. ನೀನೇ ಅಲ್ವೇನ್ಲಾ ಬರ್ದಿದ್ದು?"

ಶಾಕಿರ್ ಸುಳ್ಳು ಹೇಳಲಿಲ್ಲ. ಮುನ್ನೂರ ಹನ್ನೊಂದು ಜನರ ಸುಳ್ಳು ಹೇಳಿ ಸುಸ್ತಾಗಿದ್ದ. ವರ್ಗಾವಣೆಯ ವಿಷಯ ಹೇಳಿದ, ಅಸ್ಫಿಯಾ ಶಾಲೆಯಲ್ಲಿ ಹೇಳಿದ ಮಾತು ಹೇಳಿದ. "ಸಂಜೆ ತನಕ ಸುಮ್ನಿರು ತಿಮ್ಮಣ್ಣ. ಮೇಡಂ ವರ್ಗದ ಹೆಸರು ಹೇಳಿ ಹೋಗ್ಲಿ. ಆಮೇಲೆ ನಾನೇ ಅಕ್ಕನ ಕಾಲು ಹಿಡಿದು ನಿಜ ಹೇಳ್ತೀನಿ."

ತಿಮ್ಮಯ್ಯ ಸ್ಟೂಲು ಎಳೆದುಕೊಂಡು ಕೂತ. "ಭಾನ್ವಾರ ಇರ್ತಾರೆ ಅಂದ್ಲಾ?"

"ಹೂಂ."

"ಥೂ ನಿನ್ನ. ಬೈಯ್ಯನ ಅಂತ ಬಂದ್ರೆ ಬೈಯ್ಯಕ್ಕೂ ಬುಡಲ್ಲ." ಎದ್ದ. "ಸಂಜೆಗಂಟ ತಡ್ಕತೀನಿ. ಅವ್ಳ ಕೈಲಿ ಸೌಟದೆ, ಅದ್ ನೆಪ್ಪಿರ್ಲಿ."

ನಾಲ್ಕು ಗಂಟೆಗೆ ಮೆಷಿನ್ನು ನಿಲ್ಲಿಸಿ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿದರು. ಮಂಜುಶ್ರೀ ಮೇಡಂ ಮೈಕು ಹಿಡಿದರು.

"ಎಂಟು ಯೂನಿಟ್ಟಿನ ಜಗಲಿ ನೋಡಿದ್ದೀನಿ. ಎಲ್ಲಾ ಕಡೆ ಬರೀ ಗುಡ್ ಮಾರ್ನಿಂಗು, ಹೂವಿನ ಫೋಟೋ. ಆದ್ರೆ ಇಲ್ಲಿ ಒಂದು ಮಾತು ಓದಿ ನನ್ನ ಕಣ್ಣಲ್ಲಿ ನೀರು ಬಂತು. ನನಗೂ ಮಗು ಇದೆ. ನಾನೂ ಮನೆ ಸೇರೋ ಹೊತ್ತಿಗೆ ಅದು ಮಲಗಿರುತ್ತೆ."

ಶಾಕಿರ್ ಬೆಂಚಿನ ತುದಿಗೆ ಸರಿದು ಕೂತ. ತನ್ನ ಮಾತು ಸರಿಯಾದ ಕಿವಿಗೇ ಬಿದ್ದಿದೆ.

"ಅದಕ್ಕೇ ಮಳವಳ್ಳಿ ಯೂನಿಟ್ಟಿಗೆ ಇಲ್ಲಿಂದ ಹೋಗೋರು..." ಮೇಡಂ ಕೈ ಚಾಚಿದರು, "ಸ್ಟೋರಿನ ತಿಮ್ಮಯ್ಯನವರು! ಜೊತೆಗೆ ಜಗಲಿಯ ಮೊದಲ ಬಹುಮಾನ, ಈ ಮೊಬೈಲು."

ಚಪ್ಪಾಳೆ ಬಿತ್ತು. ತಿಮ್ಮಯ್ಯ ದಡಬಡಿಸಿ ಎದ್ದ. "ತಾಯಿ, ನಂದು ಮದ್ದೂರೇ. ಇಲ್ಲಿ ನಿಂತ್ ಕೂಗಿದ್ರೆ ನಮ್ಮನ್ಗೆ ಕೇಳ್ತದೆ. ನಂಗ್ಯಾಕೆ ಮಳವಳ್ಳಿ?"

"ಎಷ್ಟು ಸಂಕೋಚ ನೋಡಿ," ಅಂದರು ಮೇಡಂ.

"ಅವ್ರು ಓಯ್ತಾರೆ ಬುಡಿ," ಅಂತ ಮರಿತಾಯಮ್ಮ ಸೌಟನ್ನು ಹಂಡೆಯೊಳಗೆ ಬಿಟ್ಟು ಮುಂದೆ ಬಂದಳು. "ಜೊತೇಲಿ ನಾನೂ ಬತ್ತೀನಿ. ಆ ಮೊಮ್ಮಗ್ಳು ಯಾರಂಗವ್ಳೆ ಅಂತ ನಾನೂ ನೋಡ್ಬೇಕು."

ಶಾಕಿರನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತ. ಮುನ್ನೂರು ತಲೆ ಅವನ ಕಡೆ ತಿರುಗಿದವು.

"ಮೇಡಂ, ಅದನ್ನ ಬರೆದದ್ದು ನಾನು. ಆ ಮಗು ನನ್ನ ಮಗಳು. ಅದೊಂದೇ ಅಲ್ಲ, ಜಗಲಿ ಮೇಲಿರೋ ಪ್ರತಿ ಮಾತೂ ನಾನೇ ಬರೆದಿದ್ದು."

ಮಂಜುಶ್ರೀ ಮೇಡಂ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಟ್ಯಾಬು ತೆರೆದು, "ನಿಮ್ಮ ಟೋಕನ್ ನಂಬರ್ ಹೇಳಿ" ಅಂದರು.

"ಮುನ್ನೂರ ಹನ್ನೆರಡು."

ಮೇಡಂ ಹುಡುಕಿದರು, ಒಂದು ಕ್ಷಣ ನಿಂತರು, ನಕ್ಕೇಬಿಟ್ಟರು. "ಓ, ಆ ಒಬ್ಬರು ನೀವೇನಾ! ಬೆಳಿಗ್ಗೆಯಿಂದ ಯಾರಿರಬಹುದು ಅಂತಿದ್ದೆ. ಮುನ್ನೂರ ಹನ್ನೆರಡು ಜನರಲ್ಲಿ ಮುನ್ನೂರ ಹನ್ನೊಂದು ಜನ ಜಗಲಿ ಹತ್ತಿದ್ದಾರೆ. ಮೂರು ತಿಂಗಳಲ್ಲಿ ಒಂದೇ ಒಂದು ಸಲನೂ ಹತ್ತದೇ ಇರೋರು ಇಡೀ ಫ್ಯಾಕ್ಟರಿಗೆ ನೀವೊಬ್ಬರೇ ಶಾಕಿರ್. ಜಗಲಿಗೆ ಕಾಲೇ ಇಡದೋರು, ಅಲ್ಲಿರೋ ಮಾತೆಲ್ಲಾ ನಂದು ಅಂದ್ರೆ ಹೇಗೆ?"

ಕ್ಯಾಂಟೀನು ಗೊಳ್ಳೆಂದಿತು. ಶಾಕಿರನಿಗೆ ಪುಸ್ತಕದ ಹಿಂಬದಿ ಕಣ್ಣ ಮುಂದೆ ಬಂತು. ಅಲ್ಲಿ ತನ್ನ ಹೆಸರಿರಲಿಲ್ಲ. ತನ್ನ ಪಾಸ್‌ವರ್ಡನ್ನು ತನಗೇ ಬರೆದಿಟ್ಟುಕೊಳ್ಳುವುದು ಯಾಕೆ ಅಂತ ಬಿಟ್ಟವನು, ಪುಸ್ತಕದಲ್ಲಿಲ್ಲದ ತನ್ನನ್ನೇ ಮರೆತುಬಿಟ್ಟಿದ್ದ.

"ನಿಜ ತಾಯಿ, ಅವ್ನೇ ಬರ್ದಿದ್ದು!" ತಿಮ್ಮಯ್ಯ ಕೂಗಿದ. "ನಮ್ಮಪ್ಪನಾಣೆ!"

"ನೋಡಿ, ನೋಡಿ!" ಮೇಡಂ ಮೈಕನ್ನು ಇನ್ನೂ ಹತ್ತಿರ ಹಿಡಿದರು. "ತನಗೆ ಸಿಕ್ಕಿದ್ದನ್ನ ಜೊತೆ ಕೆಲಸಗಾರನಿಗೆ ಬಿಟ್ಟುಕೊಡೋಕೆ ಹೊರಟಿದ್ದಾರೆ. ಒಡನಾಟ ಅಂದ್ರೆ ಇದೇ!"

ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರಾಗಿ. ಶಾಕಿರ್ ಪುಸ್ತಕ ತರಲು ಹೊರಳಿದ. ಪಕ್ಕದಲ್ಲಿದ್ದ ನಾಗಶ್ರೀ ಟಿ.ವಿ.ಯ ವೈರು ನೋಡುತ್ತಾ ಮೆಲ್ಲಗೆ ಹೇಳಿದರು: "ಆ ಪುಸ್ತಕ ಹೊರಗೆ ಬಂದ್ರೆ ಇಬ್ರೂ ಮನೆಗೆ. ಆಮೇಲೆ ಮಗಳನ್ನ ದಿನವಿಡೀ ನೋಡ್ತಾ ಕೂತಿರಬಹುದು."

ಶಾಕಿರ್ ಕೂತ.

ಜಗಲಿ ಹತ್ತದವರಿಗೆ ಒಂದು ವರ್ಷ ವರ್ಗಾವಣೆ ಇಲ್ಲ ಅಂತ ಹೆಡ್ ಆಫೀಸಿನ ನಿಯಮವಿತ್ತು. ಅದನ್ನು ಮೇಡಂ ನಗುನಗುತ್ತಲೇ ಓದಿ ಹೇಳಿದರು. ಅವನು ಇನ್ನು ದಿನಕ್ಕೊಂದಾದರೂ ಮಾತು ಸ್ವಂತ ಹೆಸರಿನಲ್ಲಿ ಬರೆಯಬೇಕು. ಹೋಗುವ ಮುಂಚೆ ತಿಮ್ಮಯ್ಯನನ್ನು ಕೂರಿಸಿಕೊಂಡು ಹೊಸ ಮೊಬೈಲಿನಲ್ಲಿ ಜಗಲಿ ಹಾಕಿಕೊಟ್ಟು, "ಟೈಪ್ ಮಾಡೋದು ಬೇಡ, ಈ ಮೈಕ್ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತೆ" ಅಂತ ಕಲಿಸಿದರು. ಮರಿತಾಯಮ್ಮನ ಮುಂದೆ ಶಾಕಿರ್ ಎಲ್ಲ ಒಪ್ಪಿಕೊಂಡ. ಅವಳು ಪೂರ್ತಿ ಕೇಳಿ, ಸೌಟು ಕೆಳಗಿಟ್ಟು, "ಅಂಗಾರೆ ನಾಳೆ ಊಟುಕ್ ಕರ್ದೋನೂ ನೀನೇಯ?" ಅಂತಷ್ಟೇ ಕೇಳಿದಳು.

ಸಂಜೆ ಬಸ್ಸುಗಳು ಹೊರಟವು. ಕೊತ್ತತ್ತಿಯ ಬಸ್ಸಿನಲ್ಲಿ ಅಂಕಮ್ಮ, ಪುಟ್ಟಮಾದಮ್ಮ ಒಂದೇ ಸೀಟಿನಲ್ಲಿ ಕೂತಿದ್ದರು. ಬೈದಾಡಲು ಅದೇ ಅನುಕೂಲ.

ಶಾಕಿರ್ ಕಂಪ್ಯೂಟರಿನ ಮುಂದೆ ಕೂತು ಮೊದಲ ಸಲ ತನ್ನ ಹೆಸರಿನಲ್ಲಿ ಜಗಲಿ ಹತ್ತಿದ. "ಸ್ವಾಗತ ಶಾಕಿರ್. ನಿಮ್ಮ ಬಗ್ಗೆ ಒಂದು ಮಾತು ಬರೆಯಿರಿ" ಅಂತು ಅದು. ಮುನ್ನೂರ ಹನ್ನೊಂದು ಜನರ ಬಗ್ಗೆ ಸಲೀಸಾಗಿ ಬರೆದವನಿಗೆ ಏನೂ ಹೊಳೆಯಲಿಲ್ಲ. ಹತ್ತು ನಿಮಿಷ ಯೋಚಿಸಿ, "ನಾನು ಶಾಕಿರ್. ಭಾನುವಾರ ಮನೆಯಲ್ಲಿರುತ್ತೇನೆ" ಅಂತ ಬರೆದ.

ಕಂಪ್ಯೂಟರ್ ಟಿಣ್ ಅಂತು. ಕೆಳಗೆ ತಿಮ್ಮಯ್ಯನ ಮುಖ. ಆ ಜಗಲಿಯ ಮೇಲೆ, ಅದು ಹುಟ್ಟಿದಾಗಿನಿಂದ, ಹೆಸರಿನವರೇ ಆಡಿದ ಎರಡನೇ ಮಾತು ಅದು:

"ಲೇ ಸಾಕೀರ ಎಲ್ಲಿರ್ತೀಯ ಮನೇಲಿ ನಾಳಿಕ್ ಬೆಳಿಗ್ಗೆ ಆರ್ ಗಂಟ್ಗೆ ನಮ್ಮನ್ ತಾವ ಇರು ಮುನ್ನೂರ್ ಜನುಕ್ ಆಗೋವಷ್ಟು ಕೋಳಿ ತತ್ತಾ ಮುದ್ದೆ ತಿರುವಕ್ಕೆ ನಿಮ್ಮಕ್ಕ ನಿಂಗೆ ದೊಡ್ ಕೋಲ್ ತೆಗ್ದಿಕ್ಕವ್ಳೆ ಎಲ್ಲಾ ಮುಗ್ದು ಪಾತ್ರೆ ತೊಳ್ಯಗಂಟ ಬುಡಾಕಿಲ್ಲ."

ಅದರ ಕೆಳಗೆ ಜಗಲಿ ತಾನಾಗಿ ಒಂದು ಸಾಲು ಮೂಡಿಸಿತು: "ಅಭಿನಂದನೆ ಶಾಕಿರ್! ನಿಮಗೆ ಮೊದಲ ಗೆಳೆಯ ಸಿಕ್ಕಿದ್ದಾರೆ."